ಧಾರವಾಡದ ಹಿತ್ತಲಿನಲ್ಲಿ ಕಾಫಿ: ಸಸಿ ನೆಡುವುದರಿಂದ ಹಣ್ಣು ಒಣಗಿಸುವವರೆಗೆ

ಕಾಫಿ ಕೊಡಗು, ಚಿಕ್ಕಮಗಳೂರು, ಹಾಸನಗಳ ಬೆಳೆ. ಅದರ ಎರಡು ಮುಖ್ಯ ಜಾತಿಗಳಲ್ಲಿ ಅರೇಬಿಕಾಕ್ಕೆ ಸಮುದ್ರಮಟ್ಟದಿಂದ 1000 ರಿಂದ 1500 ಮೀಟರ್ ಎತ್ತರವೂ ರೋಬಸ್ಟಾಕ್ಕೆ 500 ರಿಂದ 1000 ಮೀಟರ್ ಎತ್ತರವೂ ಒಗ್ಗುತ್ತದೆ. ರೋಬಸ್ಟಾಕ್ಕೆ ವರ್ಷಕ್ಕೆ ಕನಿಷ್ಠ 1000 ಮಿಲಿಮೀಟರ್ ಮಳೆ ಬೇಕು, ಅರೇಬಿಕಾಕ್ಕೆ ಅದಕ್ಕಿಂತಲೂ ಹೆಚ್ಚು. ಧಾರವಾಡದ ಎತ್ತರ ಸುಮಾರು 750 ಮೀಟರ್, ಮಳೆ ಇದಕ್ಕಿಂತ ಕಡಿಮೆ. ಆದ್ದರಿಂದ ಲಾಭದ ಬೆಳೆಯೆಂದು ಇದನ್ನು ಇಲ್ಲಿ ಹಾಕಬೇಡಿ. ಆದರೆ ಮಸಾರಿ ಮಣ್ಣು, ಮಾವಿನ ಇಲ್ಲವೆ ಚಿಕ್ಕು ಗಿಡದ ನೆರಳು ಮತ್ತು ಬೇಸಿಗೆಯಲ್ಲೂ ಬತ್ತದ ಬಾವಿಯಿರುವ ಹಿತ್ತಲಿನಲ್ಲಿ ಮೂರು-ನಾಲ್ಕು ಗಿಡಗಳನ್ನು ಚೆನ್ನಾಗಿಯೇ ಬೆಳೆಸಬಹುದು. ನವಲಗುಂದ, ಗದಗದ ಕಡೆಯ ಎರೆಭೂಮಿಯವರಿಗೆ ನಾನು ಇದನ್ನು ಹೇಳಲಾರೆ. ಎರೆಮಣ್ಣು ಮಳೆಗಾಲದಲ್ಲಿ ನೀರು ಹಿಡಿದಿಟ್ಟು ಬೇರನ್ನು ಕೊಳೆಸುತ್ತದೆ, ಬೇಸಿಗೆಯಲ್ಲಿ ಬಿರಿದು ಅದೇ ಬೇರನ್ನು ಹರಿಯುತ್ತದೆ.

ಮೊದಲು ಜಾತಿಯನ್ನು ನಿರ್ಧರಿಸಬೇಕು. ನಮ್ಮ ಎತ್ತರಕ್ಕೆ ರೋಬಸ್ಟಾ ಹೊಂದುತ್ತದೆ. ಬಿಸಿಲು ಹೆಚ್ಚು ಬೀಳುವ ಕಡೆ ಅರೇಬಿಕಾದ ಬೊಡ್ಡೆಗೆ ಬೀಳುವ ಬಿಳಿ ಕಾಂಡಕೊರಕದ ಕಾಟವೂ ಇದಕ್ಕಿಲ್ಲ. ಆದರೆ ರೋಬಸ್ಟಾ ತನ್ನದೇ ಪರಾಗದಿಂದ ಕಾಯಿ ಕಟ್ಟುವುದಿಲ್ಲ. ಒಂದೇ ಗಿಡ ನೆಟ್ಟವರು ಪ್ರತಿ ವರ್ಷ ಹೂವನ್ನಷ್ಟೇ ನೋಡುತ್ತಾರೆ. ಒಂದೇ ತಾಯಿಗಿಡದ ತುಂಡುಗಳಿಂದ ಬೆಳೆಸಿದ ನಾಲ್ಕು ಗಿಡಗಳನ್ನು ನೆಟ್ಟರೂ ಫಲ ಅಷ್ಟೇ; ಬೀಜದಿಂದ ಎದ್ದ ಬೇರೆ ಬೇರೆ ಸಸಿಗಳನ್ನೇ ಕೇಳಿ ಪಡೆಯಬೇಕು. ಒಂದೇ ಗಿಡಕ್ಕೆ ಜಾಗವಿರುವವರು ಅರೇಬಿಕಾ ಆರಿಸಿಕೊಂಡು, ಅದನ್ನು ದಟ್ಟ ನೆರಳಿನಲ್ಲಿಡುವುದು ಒಳ್ಳೆಯದು, ಏಕೆಂದರೆ ಅದು ತನ್ನ ಪರಾಗದಿಂದಲೇ ಕಾಯಿ ಕಟ್ಟುತ್ತದೆ.

ಬೀಜದಿಂದ ಸಸಿ ಎಬ್ಬಿಸುವ ಕೆಲಸ ನಿಧಾನದ್ದು. ಮೊಳಕೆಗೇ ಒಂದೂವರೆ ತಿಂಗಳು ಹಿಡಿಯುತ್ತದೆ. ಮಲೆನಾಡಿನ ನರ್ಸರಿಯಿಂದ ಸಸಿ ತರುವುದೇ ಸುಲಭ. ಬೇಸಿಗೆಯಲ್ಲಿಯೇ ಒಂದೂವರೆ ಅಡಿ ಉದ್ದ, ಅಗಲ, ಆಳದ ಗುಂಡಿ ತೋಡಿ ಬಿಸಿಲಿಗೆ ಬಿಟ್ಟು, ಮೇಲ್ಮಣ್ಣಿಗೆ ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಬೆರೆಸಿ ತುಂಬಿ, ಮೃಗಶಿರ ಮಳೆ ಬಿದ್ದು ನೆಲ ಹಸಿಯಾದ ಮೇಲೆ ಸಸಿ ನೆಡಿ. ರೋಬಸ್ಟಾ ಗಿಡಗಳ ನಡುವೆ ಹತ್ತು ಅಡಿ ಅಂತರವಿರಲಿ. ರೋಬಸ್ಟಾದ ಬೇರು ಆಳಕ್ಕೆ ಇಳಿಯದ ಕಾರಣ, ದೀಪಾವಳಿ ಮುಗಿಯುತ್ತಲೇ ಬುಡದ ಸುತ್ತ ಕಬ್ಬಿನ ರವದಿ ಅಥವಾ ಒಣ ಎಲೆಗಳನ್ನು ದಪ್ಪವಾಗಿ ಹೊದಿಸಬೇಕು. ಬೊಡ್ಡೆಗೆ ತಾಗದಂತೆ ನಾಲ್ಕು ಬೆರಳು ಬಿಟ್ಟು ಹೊದಿಸಿ. ಗಿಡ ಮೂರೂವರೆ-ನಾಲ್ಕು ಅಡಿ ಬೆಳೆದಾಗ ತುದಿ ಚಿವುಟಿ, ಆಮೇಲೆ ಕಾಂಡದಿಂದ ನೇರವಾಗಿ ಮೇಲೇಳುವ ಕಂಬಚಿಗುರುಗಳನ್ನು ಕಂಡಾಗಲೆಲ್ಲ ತೆಗೆಯಬೇಕು. ಫಲ ಬರುವುದು ಅಡ್ಡರೆಂಬೆಗಳಲ್ಲಿ.

ಮೂರು-ನಾಲ್ಕು ವರ್ಷಗಳ ನಂತರ ಬರುವ ಹೂವಿನ ಕಾಲವೇ ಎಲ್ಲಕ್ಕಿಂತ ಮುಖ್ಯವಾದದ್ದು. ಚಳಿಗಾಲದ ಕೊನೆಗೆ ರೆಂಬೆಯ ಗೆಣ್ಣುಗಳಲ್ಲಿ ಬತ್ತದ ಕಾಳಿನಷ್ಟು ಉದ್ದದ ಹಸಿರು ಮೊಗ್ಗುಗಳು ಗುಂಪಾಗಿ ಬಂದು, ಬೆಳವಣಿಗೆ ನಿಲ್ಲಿಸಿ ಮಳೆಗಾಗಿ ಕಾಯುತ್ತವೆ. ಕಾಫಿ ಸೀಮೆಯಲ್ಲಿ ಅವುಗಳನ್ನು ಎಬ್ಬಿಸುವುದು ಫೆಬ್ರವರಿ-ಮಾರ್ಚ್ ತಿಂಗಳ ಹೂಮಳೆ. ನಮ್ಮಲ್ಲಿ ಆ ಹೊತ್ತಿಗೆ ಮಳೆಯ ಭರವಸೆಯಿಲ್ಲ, ಏಪ್ರಿಲ್‌ನ ಅಶ್ವಿನಿ ಮಳೆಯವರೆಗೆ ಕಾದರೆ ಗಿಡ ಬಳಲುತ್ತದೆ. ಆದ್ದರಿಂದ ಹೂಮಳೆಯನ್ನು ನಾವೇ ಸುರಿಸಬೇಕು. ಮೊಗ್ಗು ಬಲಿಯುವ ತನಕ ಕೆಲವು ವಾರ ನೀರು ತಡೆದು, ಆಮೇಲೆ ಒಂದೇ ಸಲಕ್ಕೆ ಧಾರಾಳವಾಗಿ ಕೊಡಿ. ಬೇಕಾದದ್ದು 25 ರಿಂದ 40 ಮಿಲಿಮೀಟರ್ ಮಳೆಗೆ ಸಮನಾದ ನೀರು, ಅಂದರೆ ಗಿಡ ಹರಡಿದ ಪ್ರತಿ ಚದರ ಮೀಟರ್ ನೆಲಕ್ಕೆ 25 ರಿಂದ 40 ಲೀಟರ್. ಇದನ್ನು ಪೈಪಿನಿಂದ ಮಳೆ ಬಿದ್ದಂತೆ ಎಲೆ, ರೆಂಬೆ, ಮೊಗ್ಗು ತೊಯ್ಯುವ ಹಾಗೆ ಮೇಲಿನಿಂದ ಹಾಯಿಸಿ. ಅರೆಬರೆ ನೀರು ಬಿದ್ದರೆ ಮೊಗ್ಗು ಪೂರ್ತಿ ಅರಳದೆ ಕೆಡುತ್ತದೆ. ಒಂಬತ್ತು-ಹತ್ತು ದಿನಗಳಲ್ಲಿ ಗಿಡವೆಲ್ಲ ಬೆಳ್ಳಗಾಗಿ ಮಲ್ಲಿಗೆಯ ಪರಿಮಳ ಬೀರುತ್ತದೆ. ಆ ಎರಡು-ಮೂರು ದಿನ ಜೇನುನೊಣಗಳು ಓಡಾಡಲಿ, ಯಾವ ಔಷಧವನ್ನೂ ಸಿಂಪಡಿಸಬೇಡಿ. ಹದಿನೈದು-ಇಪ್ಪತ್ತು ದಿನ ಬಿಟ್ಟು ಇನ್ನೊಮ್ಮೆ ಹೀಗೆಯೇ ನೀರು ಕೊಟ್ಟರೆ ಕಾಯಿ ನಿಲ್ಲುತ್ತದೆ.

ಹೂವಿನಿಂದ ಹಣ್ಣಿಗೆ ಅರೇಬಿಕಾ ಎಂಟು-ಒಂಬತ್ತು ತಿಂಗಳು, ರೋಬಸ್ಟಾ ಹತ್ತು-ಹನ್ನೊಂದು ತಿಂಗಳು ತೆಗೆದುಕೊಳ್ಳುತ್ತದೆ. ರೋಬಸ್ಟಾ ಹಣ್ಣಾಗುವುದು ಜನವರಿ-ಫೆಬ್ರವರಿಯಲ್ಲಿ. ಒಂದೇ ಗೊಂಚಲಿನಲ್ಲಿ ಕೆಂಪು, ಹಳದಿ, ಹಸಿರು ಮೂರೂ ಇರುತ್ತವೆ. ರೆಂಬೆಯನ್ನು ಮುಷ್ಟಿಯಲ್ಲಿ ಹಿಡಿದು ಬುಡದಿಂದ ತುದಿಗೆ ಸವರಿ ಎಳೆಯುವ ಅವಸರ ಬೇಡ. ಮನೆಯ ಗಿಡಕ್ಕೆ ಆಳಿನ ಕೂಲಿಯ ಚಿಂತೆಯಿಲ್ಲದಿರುವಾಗ, ಪೂರ್ತಿ ಕೆಂಪಾದದ್ದನ್ನಷ್ಟೇ ಒಂದೊಂದಾಗಿ ಬಿಡಿಸಿ, ಎರಡು ವಾರಕ್ಕೊಮ್ಮೆ ಮತ್ತೆ ಬನ್ನಿ. ಮಾಗಿದ ಹಣ್ಣನ್ನು ಬೆರಳ ನಡುವೆ ಒತ್ತಿದರೆ ಲೋಳೆ ಹತ್ತಿದ ಎರಡು ಬೀಜ ತಾವಾಗಿಯೇ ಜಾರಿ ಹೊರಬರುತ್ತವೆ, ಎಳೆಯದು ಬಿಡುವುದಿಲ್ಲ. ಎಳೆಗಾಯಿಯ ಬೀಜ ಎಷ್ಟು ಚೆನ್ನಾಗಿ ಹುರಿದರೂ ಒಗರು ಬಿಡದು. ನೆಲಕ್ಕೆ ಬಿದ್ದ ಹಣ್ಣನ್ನು ಇದರಲ್ಲಿ ಬೆರೆಸಬೇಡಿ, ಹಾಗೆಂದು ಅಲ್ಲಿಯೇ ಬಿಡಲೂಬೇಡಿ. ಕಾಯಿಕೊರಕ ಅದರೊಳಗೇ ಉಳಿದು ಮುಂದಿನ ಫಸಲಿಗೆ ಹತ್ತುತ್ತದೆ.

ಸಿಪ್ಪೆ ಸುಲಿದು, ಲೋಳೆ ಕಳೆಯಲು ಹುಳಿಸಿ, ತೊಳೆದು ಒಣಗಿಸುವ ಪದ್ಧತಿಯೂ ಇದೆ. ನಮ್ಮ ಕಡೆಯ ಒಣ ಚಳಿಗಾಲಕ್ಕೆ ಹಣ್ಣನ್ನು ಇಡಿಯಾಗಿ ಒಣಗಿಸುವುದೇ ಸೂಕ್ತವೆಂದು ನನ್ನ ಅಭಿಪ್ರಾಯ. ಕೊಯ್ಲಿನ ಹೊತ್ತಿಗೆ ಅಕಾಲದ ಮಳೆ ಬಂದು ಕಣದಲ್ಲಿನ ಕಾಫಿ ಬೂಸ್ಟು ಹಿಡಿಯುವ ಭಯ ಮಲೆನಾಡಿನವರಿಗಿರುವಷ್ಟು ನಮಗಿಲ್ಲ. ಕೊಯ್ದ ದಿನವೇ ಮಾಳಿಗೆಯ ಮೇಲೆ ತೆಳುವಾಗಿ ಹರಡಿ, ದಿನಕ್ಕೆ ನಾಲ್ಕಾರು ಸಲ ಕೈಯಾಡಿಸಿ, ಸಂಜೆ ಇಬ್ಬನಿ ತಾಗದಂತೆ ಗುಡ್ಡೆ ಮಾಡಿ ಮುಚ್ಚಿ. ಎರಡು ವಾರಗಳಲ್ಲಿ ಹಣ್ಣು ಕಪ್ಪಾಗಿ, ಮುಷ್ಟಿಯಲ್ಲಿ ಹಿಡಿದು ಅಲ್ಲಾಡಿಸಿದರೆ ಒಳಗಿನ ಬೀಜ ಗಲಗಲ ಎನ್ನುತ್ತದೆ. ಇದೇ ದಿನಗಳಲ್ಲಿ ಮಾಳಿಗೆಯ ಮೇಲೆ ಬ್ಯಾಡಗಿ ಮೆಣಸಿನಕಾಯಿಯೂ ಒಣಗುತ್ತಿರುತ್ತದೆ. ಕಾಫಿ ಪಕ್ಕದ ವಾಸನೆಯನ್ನು ಬಲುಬೇಗ ಹೀರುವುದರಿಂದ ಎರಡನ್ನೂ ದೂರದೂರ ಹರಡಿ, ಚೀಲಗಳನ್ನೂ ಒಂದೇ ಕೋಣೆಯಲ್ಲಿ ಇಡಬೇಡಿ.

ಒಣಗಿದ ಹಣ್ಣನ್ನು ಸಿಪ್ಪೆಸಹಿತವೇ ಗೋಣಿಚೀಲದಲ್ಲಿ ಹಲಗೆಯ ಮೇಲಿಟ್ಟರೆ ತಿಂಗಳುಗಟ್ಟಲೆ ಕೆಡುವುದಿಲ್ಲ. ಬೇಕಾದಾಗ ಬೇಕಾದಷ್ಟನ್ನೇ ಒಳಕಲ್ಲಿಗೆ ಹಾಕಿ, ಬೀಜ ಒಡೆಯದಂತೆ ಒನಕೆಯಿಂದ ಮೆಲ್ಲಗೆ ಕುಟ್ಟಿ, ಮೊರದಲ್ಲಿ ಕೇರಿ, ಕಪ್ಪುಬೀಜ ಮತ್ತು ತೂತುಬಿದ್ದ ಬೀಜಗಳನ್ನು ಆರಿಸಿ ತೆಗೆದು ಹುರಿಯಿರಿ. ಸುಮಾರು ಐದು ಕಿಲೋ ಹಸಿ ಹಣ್ಣಿಗೆ ಒಂದು ಕಿಲೋ ಬೀಜ ಸಿಗುತ್ತದೆಂದು ಲೆಕ್ಕವಿಟ್ಟುಕೊಳ್ಳಿ.