ಸ್ನಾನಗೃಹದ ಇಳಿಜಾರು ಸರಿಪಡಿಸಿಕೊಂಡ ಬಗೆ

ಹೊಸದಾಗಿ ಹಾಸಿದ ನೆಲದಲ್ಲಿ ನೀರು ಜಾಲರಿಯತ್ತ ಹೋಗದೆ ಬಾಗಿಲ ಮೂಲೆಯಲ್ಲಿ ನಿಲ್ಲುತ್ತಿತ್ತು. ಗುತ್ತಿಗೆದಾರರದು ಒಂದೇ ರಾಗ: ‘ಒಣಗಿದ ಮೇಲೆ ಸರಿಹೋಗುತ್ತದೆ.’ ಸಿಮೆಂಟ್ ಒಣಗಿದರೆ ಇಳಿಜಾರು ಹುಟ್ಟಿಕೊಳ್ಳುವುದಿಲ್ಲ ಎಂಬುದು ಅವರಿಗೂ ಗೊತ್ತು.

ಫೋನಿನ ಜಗಳ ನಿಲ್ಲಿಸಿ ಸಾಕ್ಷಿ ಕೂಡಿಹಾಕಿದೆ. ಮಟ್ಟಗೋಲಿನ (ನೆಲ ಸಮವಾಗಿದೆಯೇ ಎಂದು ನೋಡುವ ಸಾಧನ) ಗುಳ್ಳೆ ಎತ್ತರದ ಕಡೆಗೆ ಸರಿಯುತ್ತದೆ. ಇಲ್ಲಿ ಅದು ಜಾಲರಿಯತ್ತಲೇ ಓಡಿತು. ದಿನಾಂಕ ಸಮೇತ ಚಿತ್ರ ತೆಗೆದೆ. ನಾಣ್ಯದಿಂದ ತಟ್ಟಿದಾಗ ಕೆಲವು ಟೈಲ್ಸ್ ಟೊಳ್ಳು ಸದ್ದು ಮಾಡಿದವು, ಅಂದರೆ ಅಡಿಯಲ್ಲಿ ಗಾರೆ ತುಂಬಿರಲಿಲ್ಲ. ಅವಕ್ಕೆ ಸೀಮೆಸುಣ್ಣದ ಗುರುತು ಹಾಕಿದೆ. ಈ ಕೆಲಸಕ್ಕೆ ಸಂಬಂಧವಿಲ್ಲದ ಎಂಜಿನಿಯರ್ ಒಬ್ಬರಿಂದ ವರದಿಯನ್ನೂ ಬರೆಸಿಕೊಂಡೆ. ಗುತ್ತಿಗೆದಾರರ ಧಾಟಿ ಬದಲಾದದ್ದು ಆ ವರದಿ ಕಂಡ ಮೇಲೆಯೇ.

ಅವರಿಗೆ ಬರೆದ ಪತ್ರದಲ್ಲಿ ಬೈಗುಳ ಹಾಕಲಿಲ್ಲ. ದೋಷಗಳು, ಕರಾರಿನಲ್ಲಿ ಒಪ್ಪಿದ್ದ ಮಾತು, ದುರಸ್ತಿಗೆ ಗಡುವು, ಅಲ್ಲಿಯವರೆಗೆ ಕೊನೆಯ ಕಂತನ್ನು ಕರಾರಿನಂತೆಯೇ ತಡೆಹಿಡಿಯುತ್ತೇನೆ ಎಂಬ ಒಂದು ಸಾಲು. (ಕೆಲಸ ಮುಗಿಯುವ ಮೊದಲೇ ಪೂರ್ತಿ ಹಣ ಕೊಟ್ಟವರ ಪಾಡು ದೇವರಿಗೇ ಪ್ರೀತಿ.)

ಬಂದು ನೆಲ ಕಿತ್ತರು. ಜಲನಿರೋಧಕ ಲೇಪ ಒಣಗಿದ ಮೇಲೆ ಜಾಲರಿ ಮುಚ್ಚಿ 24 ಗಂಟೆ ನೀರು ನಿಲ್ಲಿಸಿದೆವು. ಕೆಳಗಿನ ಛಾವಣಿಯಲ್ಲಿ ತೇವ ಕಾಣದಿದ್ದಾಗಲೇ ಟೈಲ್ಸ್ ಹಾಸಲು ಒಪ್ಪಿದೆ. ಸೋರಿಕೆಯ ಹೊಣೆ ತಮ್ಮದೆಂದು ಅವರು ಸಹಿ ಹಾಕಿದ ಬಳಿಕ ಬಾಕಿ ಪಾವತಿಸಿದೆ.