ಜಾಝ್ ಗಿಟಾರ್ ಕೇಳೋಕೆ ನಾನು ಹಿಡಿದ ದಾರಿ: ಮೊದಲು ಪಿಯಾನೋ ಇದೆಯಾ ನೋಡಿ

ಜಾಝ್ ಗಿಟಾರ್ ಎಲ್ಲಿಂದ ಶುರು ಮಾಡ್ಲಿ ಅಂತ ಯಾರನ್ನಾದ್ರೂ ಕೇಳಿದ್ರೆ ಒಂದು ಉದ್ದ ಪಟ್ಟಿ ಕೈಗೆ ಸಿಗತ್ತೆ. ಜಾಂಗೋ ರೈನ್‌ಹಾರ್ಟ್ ಇಂದ ಪ್ಯಾಟ್ ಮೆಥೀನಿ ತನಕ ಕಾಲಕ್ರಮದಲ್ಲಿ, ಹೆಸರುಗಳೆಲ್ಲಾ ಸರಿಯಾಗೇ ಇರತ್ತೆ, ಆದ್ರೆ ಅದನ್ನ ಹಿಡ್ಕೊಂಡು ಕೂತೋರು ಮೂರನೇ ಆಲ್ಬಮ್‌ಗೆ ಬರೋಷ್ಟರಲ್ಲಿ ಸುಸ್ತಾಗಿರ್ತಾರೆ. ನಾನು ಗಿಟಾರ್ ನುಡಿಸೋನು, ಕೇಳೋದನ್ನ ನನಗೆ ಬೇಕಾದ ಹಾಗೆ ಬೇರೆ ತರ ಜೋಡಿಸ್ಕೊಂಡೆ. ಯಾವ ರೆಕಾರ್ಡ್ ತಗೊಂಡ್ರೂ ನಾನು ಮೊದಲು ನೋಡೋದು ಪಕ್ಕದಲ್ಲಿ ಪಿಯಾನೋ ಇದೆಯಾ ಇಲ್ವಾ ಅಂತ, ಗಿಟಾರಿಸ್ಟ್ ಯಾರು ಅನ್ನೋದು ಆಮೇಲೆ.

ಯಾಕೆ ಅಂದ್ರೆ ಎರಡೂ ಕಾರ್ಡ್, ಅಂದ್ರೆ ಹಲವು ಸ್ವರ ಒಟ್ಟಿಗೆ, ನುಡಿಸೋ ವಾದ್ಯಗಳು, ಎರಡೂ ಹೆಚ್ಚು ಕಡಿಮೆ ಒಂದೇ ಸ್ಥಾಯಿಯಲ್ಲಿ ಓಡಾಡತ್ತೆ. ಒಂದೇ ಹೊತ್ತಿಗೆ ಇಬ್ರೂ ಕಾರ್ಡ್ ಹೊಡೆದ್ರೆ ಒಂದೇ ಬಾಗಿಲಲ್ಲಿ ಇಬ್ರು ಒಟ್ಟಿಗೆ ನುಗ್ಗಿದ ಹಾಗೆ, ಯಾರೂ ಒಳಗೆ ಹೋಗಲ್ಲ. ಹಾಗಾಗಿ ಪಿಯಾನೋ ಇದ್ರೆ ಗಿಟಾರ್ ಒಂದು ತರ ವರ್ತಿಸತ್ತೆ, ಇಲ್ದಿದ್ರೆ ಪೂರ್ತಿ ಬೇರೆ ತರ. ಇದೊಂದು ಗೊತ್ತಾದ್ಮೇಲೆ ಹಳೇ ರೆಕಾರ್ಡ್‌ಗಳು ನನಗೆ ಹೊಸದಾಗಿ ಕೇಳಿಸೋಕೆ ಶುರುವಾಯ್ತು.

ಮೊದಲನೇದು ಪಿಯಾನೋ ಇಲ್ದಿರೋದು. ಕೆನ್ನಿ ಬರೆಲ್ ಅವರ 1963ರ ಮಿಡ್‌ನೈಟ್ ಬ್ಲೂ. ಸ್ಟ್ಯಾನ್ಲಿ ಟರೆಂಟೀನ್ ಟೆನರ್ ಸ್ಯಾಕ್ಸೋಫೋನ್, ಮೇಜರ್ ಹಾಲಿ ಬೇಸ್, ಬಿಲ್ ಇಂಗ್ಲಿಷ್ ಡ್ರಮ್ಸ್, ರೇ ಬರೆಟೋ ಕೈಯಲ್ಲಿ ಬಾರಿಸೋ ಕಾಂಗಾ ಡ್ರಮ್, ಅಷ್ಟೇ. ಮೊದಲ ಟ್ರ್ಯಾಕ್ ಚಿಟ್ಲಿನ್ಸ್ ಕಾನ್ ಕಾರ್ನೆ ಹಾಕಿ, ಗಿಟಾರ್ ಕೈಲಿ ಹಿಡೀಬೇಡಿ, ಬರೀ ಕಾಲಲ್ಲಿ ತಾಳ ಹಾಕ್ತಾ ಹನ್ನೆರಡು ಬಾರ್ ಎಣಿಸಿ. ಇದು ಬ್ಲೂಸ್, ನಾಲ್ಕು ಬೀಟಿನ ಹನ್ನೆರಡು ಬಾರ್ ಮುಗಿದ್ರೆ ಒಂದು ಆವರ್ತ, ಅದನ್ನೇ ಇವರು ಕೋರಸ್ ಅಂತಾರೆ, ಮತ್ತೆ ಮೊದಲಿಂದ. ಎಣಿಸೋದು ತಪ್ಪಿದ್ರೆ ತಲೆ ಕೆಡಿಸ್ಕೋಬೇಡಿ, ಕೆಳಗಿನ ಸ್ವರಗಳಲ್ಲಿ ನಡೆಯೋ ಬೇಸ್ ಹಿಡ್ಕೊಂಡ್ರೆ ಎಲ್ಲಿದೀವಿ ಅಂತ ಸಿಕ್ಕಿಬಿಡತ್ತೆ. ಎರಡನೇ ಸಲ ಕೇಳುವಾಗ ಬರೆಲ್ ಸ್ಯಾಕ್ಸೋಫೋನ್ ಹಿಂದೆ ಏನು ಮಾಡ್ತಿದಾರೆ ಅನ್ನೋದನ್ನ ಮಾತ್ರ ಕೇಳಿ. ಚಿಕ್ಕ ಚಿಕ್ಕ ಕಾರ್ಡ್, ಎರಡು ಮೂರು ಸ್ವರದ್ದು, ಹೊಡೆದು ತಕ್ಷಣ ಬಿಟ್ಬಿಡೋದು. ಆರು ತಂತಿನೂ ಸೇರಿಸಿ ಬಾರಿಸೋ ಅಭ್ಯಾಸ ಇರೋರಿಗೆ, ನನಗೂ ಅದೇ ಇತ್ತು, ಇಷ್ಟು ಕಡಿಮೆ ನುಡಿಸಿ ಇಷ್ಟು ಜಾಗ ತುಂಬಬಹುದಾ ಅನ್ಸತ್ತೆ. ರಾಕ್ ಅಥವಾ ಬ್ಲೂಸ್ ಕೇಳ್ತಾ ಬಂದಿರೋರಿಗೆ ಇದಕ್ಕಿಂತ ಸಲೀಸಾದ ಶುರು ನನಗಂತೂ ಗೊತ್ತಿಲ್ಲ, ಸ್ಟೀವೀ ರೇ ವಾನ್ ಕೂಡ ಈ ಟ್ರ್ಯಾಕನ್ನ ತಮ್ಮ ಗಿಟಾರ್‌ನಲ್ಲಿ ನುಡಿಸಿದಾರೆ, ಎರಡನ್ನೂ ಒಂದರ ಹಿಂದೆ ಒಂದು ಹಾಕಿ ಕೇಳಿ.

ಇಲ್ಲಿಂದ ಮುಂದಕ್ಕೆ ಎರಡು ದಾರಿ. ಇನ್ನೂ ಬರಿದಾಗಿ ಬೇಕು ಅಂದ್ರೆ ಗ್ರಾಂಟ್ ಗ್ರೀನ್ ಅವರ ಗ್ರೀನ್ ಸ್ಟ್ರೀಟ್, 1961, ಗಿಟಾರ್ ಬೇಸ್ ಡ್ರಮ್ಸ್ ಮಾತ್ರ. ಕಾರ್ಡ್‌ಗಳನ್ನ ಗ್ರೀನ್ ನುಡಿಸೋದೇ ಅಪರೂಪ, ಒಂದೊಂದೇ ಸ್ವರ, ಸ್ಯಾಕ್ಸೋಫೋನ್ ಊದೋರ ತರ ಸಾಲು ಸಾಲಾಗಿ ಹೇಳ್ತಾರೆ, ಪಿಯಾನೋನೂ ಇಲ್ಲ ಗಿಟಾರ್ ಕಾರ್ಡೂ ಇಲ್ಲ ಅಂದ್ಮೇಲೆ ಹಾರ್ಮನಿ, ಅಂದ್ರೆ ಸ್ವರಗಳ ಜೋಡಣೆಯ ಹಿನ್ನೆಲೆ, ಎಲ್ಲಿಂದ ಬಂತು ಅಂತ ಯೋಚಿಸಿ, ಆ ಸಾಲುಗಳ ಒಳಗೇ ಇದೆ ಅದು. ಅದಕ್ಕೆ ತದ್ವಿರುದ್ಧ ಬೇಕು ಅಂದ್ರೆ ಬಾರ್ನಿ ಕೆಸೆಲ್, ರೇ ಬ್ರೌನ್, ಶೆಲ್ಲಿ ಮ್ಯಾನ್ ಸೇರಿದ 1957ರ ದ ಪೋಲ್ ವಿನ್ನರ್ಸ್. ಅದೇ ಮೂರು ವಾದ್ಯ, ಆದ್ರೆ ಕೆಸೆಲ್ ರಾಗದ ಸಾಲನ್ನೇ ಕಾರ್ಡ್‌ಗಳಲ್ಲಿ ಕಟ್ಟಿ ನುಡಿಸ್ತಾರೆ, ಗಿಟಾರ್ ಒಂದು ಸಣ್ಣ ಬ್ಯಾಂಡ್ ಆಗಿಬಿಡತ್ತೆ. ಕೆಸೆಲ್ ಇಷ್ಟ ಆದ್ರೆ ಜೂಲಿ ಲಂಡನ್ ಹಾಡಿರೋ ಜೂಲಿ ಈಸ್ ಹರ್ ನೇಮ್, 1955, ಬಿಡಲೇಬೇಡಿ. ಒಂದು ದನಿ, ಕೆಸೆಲ್ ಅವರ ಒಂದು ಗಿಟಾರ್, ಒಂದು ಬೇಸ್. ಹಾಡಿನ ಹಿಂದೆ ಹೇಗೆ ನುಡಿಸ್ಬೇಕು ಅನ್ನೋದನ್ನ ನಾನು ಪುಸ್ತಕದಿಂದ ಕಲಿತಿದ್ದಕ್ಕಿಂತ ಇದರಿಂದ ಕಲಿತಿದ್ದು ಜಾಸ್ತಿ.

ಹಾಡಿನ ವಿಷಯ ಬಂದಿದ್ದಕ್ಕೆ ಇದನ್ನೂ ಹೇಳ್ತೀನಿ, ಜಾಝ್‌ನೋರು ನುಡಿಸೋ ಅರ್ಧಕ್ಕರ್ಧ ಹಳೇ ಹಾಡುಗಳೇ, ಸ್ಟ್ಯಾಂಡರ್ಡ್ಸ್ ಅಂತಾರಲ್ಲ, ಅದರಲ್ಲಿ ಬಹಳಷ್ಟು ಮೂವತ್ತೆರಡು ಬಾರಿನವು. ಗಿಟಾರ್ ಸೋಲೋ, ಅಂದ್ರೆ ಒಬ್ರು ಮುಂದೆ ಬಂದು ನುಡಿಸೋ ಭಾಗ, ಅರ್ಥ ಆಗ್ತಿಲ್ಲ ಅಂದ್ರೆ ಆ ಹಾಡನ್ನ ಯಾರಾದ್ರೂ ಹಾಡಿರೋ ರೆಕಾರ್ಡ್ ಮೊದಲು ಕೇಳಿ, ಎಲಾ ಫಿಟ್ಜೆರಾಲ್ಡ್ ಆಗ್ಲಿ ಯಾರಾದ್ರೂ ಆಗ್ಲಿ, ಟ್ಯೂನ್ ಬಾಯಿಗೆ ಬರ್ಲಿ, ಆಮೇಲೆ ಸೋಲೋ ನಡೀತಿರುವಾಗ ಅದೇ ಟ್ಯೂನನ್ನ ಮನಸ್ಸಲ್ಲೇ ಗುನುಗ್ತಾ ಕೂತ್ಕೊಳ್ಳಿ. ಸೋಲೋ ಎಲ್ಲೋ ಗಾಳೀಲಿ ತೇಲ್ತಿಲ್ಲ, ಆ ಟ್ಯೂನಿನ ಮೇಲೇ ನಿಂತಿದೆ ಅಂತ ಕಿವಿಗೇ ಗೊತ್ತಾಗತ್ತೆ.

ಇನ್ನೊಂದು ದಾರಿ ಆರ್ಗನ್. ಮಿಡ್‌ನೈಟ್ ಬ್ಲೂನಲ್ಲಿರೋ ಬರೆಲ್, ಟರೆಂಟೀನ್ ಇಬ್ರೂ ಆರ್ಗನ್ ನುಡಿಸೋ ಜಿಮ್ಮಿ ಸ್ಮಿತ್ ಜೊತೆ 1960ರಲ್ಲಿ ರೆಕಾರ್ಡ್ ಮಾಡಿದ ಬ್ಯಾಕ್ ಅಟ್ ದ ಚಿಕನ್ ಶ್ಯಾಕ್ ಇದೆ. ಆರ್ಗನ್ ಇದ್ರೆ ಬೇಸ್ ನುಡಿಸೋರೇ ಬೇಡ, ಅವರ ಎಡಗೈ ಮತ್ತೆ ಕಾಲು ಆ ಕೆಲಸ ಮಾಡತ್ತೆ. ಪ್ಯಾಟ್ ಮಾರ್ಟಿನೋ ಅವರ ಎಲ್ ಹೊಂಬ್ರೆ, 1967, ಕೂಡ ಆರ್ಗನ್ ಜೊತೆನೇ, ಇಪ್ಪತ್ತೆರಡು ವಯಸ್ಸಿನ ಹುಡುಗ ಉಸಿರು ಬಿಡದೆ ಓಡ್ತಾನೆ. 1980ರಲ್ಲಿ ಅವರಿಗೆ ಮಿದುಳಿನ ಆಪರೇಷನ್ ಆಗಿ ನೆನಪು ಬಹುಪಾಲು ಹೋಯ್ತು, ತಮ್ಮದೇ ಹಳೇ ರೆಕಾರ್ಡ್ ಕೇಳಿ ಮತ್ತೆ ಗಿಟಾರ್ ಕಲಿತ್ರು, 1987ರಲ್ಲಿ ಬಂದ ಲೈವ್ ಆಲ್ಬಮ್ ಹೆಸರೇ ದ ರಿಟರ್ನ್. ಈ ಕಥೆ ಗೊತ್ತಿದ್ರೂ ಗೊತ್ತಿಲ್ದಿದ್ರೂ ಎಲ್ ಹೊಂಬ್ರೆ ಎಲ್ ಹೊಂಬ್ರೆನೇ.

ಈಗ ಪಿಯಾನೋ ಇರೋದಕ್ಕೆ ಬರೋಣ, ಅಂದ್ರೆ ವೆಸ್ ಮಾಂಟ್‌ಗೊಮರಿ. ದ ಇನ್‌ಕ್ರೆಡಿಬಲ್ ಜಾಝ್ ಗಿಟಾರ್, 1960, ಪಿಯಾನೋದಲ್ಲಿ ಟಾಮಿ ಫ್ಲಾನಗನ್. ಅದರಲ್ಲಿ ಡಿ ನ್ಯಾಚುರಲ್ ಬ್ಲೂಸ್ ಅಂತ ಒಂದಿದೆ, ಮತ್ತೆ ಹನ್ನೆರಡು ಬಾರ್, ಮಿಡ್‌ನೈಟ್ ಬ್ಲೂನಲ್ಲಿ ಎಣಿಸಿದ್ದು ಇಲ್ಲಿ ಕೆಲಸಕ್ಕೆ ಬರತ್ತೆ. ವೆಸ್ ಸೋಲೋ ಕಟ್ಟೋ ಕ್ರಮ ಗಮನಿಸಿ: ಮೊದಲು ಒಂಟಿ ಸ್ವರಗಳು, ಆಮೇಲೆ ಆಕ್ಟೇವ್, ಅಂದ್ರೆ ಒಂದೇ ಸ್ವರವನ್ನ ಮೇಲೆ ಕೆಳಗೆ ಎರಡು ಸ್ಥಾಯಿಯಲ್ಲಿ ಒಟ್ಟಿಗೆ, ಕೊನೆಗೆ ಪೂರ್ತಿ ಕಾರ್ಡ್. ತಂತಿ ಮೀಟೋ ಪಿಕ್ ಇಲ್ಲ, ಬರೀ ಹೆಬ್ಬೆರಳು. ನಾನು ಪಿಕ್ ಪಕ್ಕಕ್ಕಿಟ್ಟು ಹೆಬ್ಬೆರಳಲ್ಲಿ ಸ್ವಲ್ಪ ದಿನ ನುಡಿಸಿ ನೋಡಿದೆ, ವೇಗ ನನ್ನ ಕೈಗೆ ಬರ್ಲಿಲ್ಲ, ಆದ್ರೆ ಆ ದುಂಡಗಿನ ನಾದ ಎಲ್ಲಿಂದ ಬರತ್ತೆ ಅಂತ ಬೆರಳಿಗೆ ತಿಳೀತು, ಅದಾದ್ಮೇಲೆ ಕೇಳೋದೇ ಬದಲಾಯ್ತು.

ವೆಸ್‌ದು ಒಂದೇ ಇಟ್ಕೊಳ್ಳಿ ಅಂದ್ರೆ ಮಾತ್ರ ನಾನು ಅದನ್ನಲ್ಲ, 1965ರ ಸ್ಮೋಕಿನ್ ಅಟ್ ದ ಹಾಫ್ ನೋಟ್ ಇಟ್ಕೊಳ್ತೀನಿ. ಪ್ಯಾಟ್ ಮೆಥೀನಿನೂ ಜಾಝ್ ಗಿಟಾರಿನ ಎಲ್ಲಕ್ಕಿಂತ ದೊಡ್ಡ ಆಲ್ಬಮ್ ಇದೇ ಅಂದಿದಾರೆ. ವಿಂಟನ್ ಕೆಲಿ ಪಿಯಾನೋ, ಪಾಲ್ ಚೇಂಬರ್ಸ್ ಬೇಸ್, ಜಿಮ್ಮಿ ಕಾಬ್ ಡ್ರಮ್ಸ್, ಮೈಲ್ಸ್ ಡೇವಿಸ್ ಅವರ ಕೈಂಡ್ ಆಫ್ ಬ್ಲೂನಲ್ಲಿ ಫ್ರೆಡ್ಡಿ ಫ್ರೀಲೋಡರ್ ಟ್ರ್ಯಾಕ್‌ಗೆ ನುಡಿಸಿರೋದೂ ಇದೇ ಮೂರು ಜನ. ಮೂಲ ಎಲ್ಪಿಯಲ್ಲಿ ಎರಡು ಟ್ರ್ಯಾಕ್ ಮಾತ್ರ ಹಾಫ್ ನೋಟ್ ಕ್ಲಬ್ಬಿನ ಲೈವ್, ಮಿಕ್ಕಿದ್ದು ಆಮೇಲೆ ರೂಡಿ ವ್ಯಾನ್ ಗೆಲ್ಡರ್ ಸ್ಟುಡಿಯೋದಲ್ಲಿ ಮಾಡಿದ್ದು. ನೋ ಬ್ಲೂಸ್ ಕೇಳಿ, ಹೆಸರು ನೋ ಅಂತಿದ್ರೂ ಬ್ಲೂಸೇ. ಗಿಟಾರನ್ನ ಬಿಟ್ಟು ಕೆಲಿ ಹಿಂದೆ ಹೋಗಿ, ಅವರು ಯಾವಾಗ ಒತ್ತುತ್ತಾರೆ, ಯಾವಾಗ ಕೈ ತೆಗೆದು ಸುಮ್ನಾಗ್ತಾರೆ ನೋಡಿ, ಪಿಯಾನೋ ಸುಮ್ನಾದಾಗ ಹಿಂದೆ ಬರೀ ಬೇಸ್ ಡ್ರಮ್ಸ್ ಉಳಿದು ವೆಸ್‌ಗೆ ಮೈದಾನ ಖಾಲಿ. ಫೋರ್ ಆನ್ ಸಿಕ್ಸ್ ಎರಡೂ ಆಲ್ಬಮ್‌ನಲ್ಲಿದೆ, ಐದು ವರ್ಷದಲ್ಲಿ ಅದೇ ಮನುಷ್ಯ ಅದೇ ಟ್ಯೂನಿಗೆ ಏನು ಮಾಡಿದ್ರು ಅಂತ ಹೋಲಿಸೋಕೆ ಇದಕ್ಕಿಂತ ಒಳ್ಳೇ ಅವಕಾಶ ಸಿಗಲ್ಲ. ಆಮೇಲೆ ಎಮಿಲಿ ರೆಮ್ಲರ್ ಅವರ ಈಸ್ಟ್ ಟು ವೆಸ್, 1988, ಪಿಯಾನೋದಲ್ಲಿ ಹ್ಯಾಂಕ್ ಜೋನ್ಸ್. ವೆಸ್ ಅಭಿಮಾನ ಹೆಸರಲ್ಲೇ ಇದೆ, ಆದ್ರೆ ಲಯ ಹಿಡಿಯೋ ರೀತಿ ರೆಮ್ಲರ್ ಅವರದ್ದೇ. 1990ರಲ್ಲಿ ಮೂವತ್ತೆರಡಕ್ಕೇ ಹೋಗ್ಬಿಟ್ರು.

ಎಲ್ಲಕ್ಕಿಂತ ಹೆಚ್ಚು ಸಲ ನಾನು ಕೇಳಿರೋದು ಅಂಡರ್‌ಕರೆಂಟ್, 1962, ಬಿಲ್ ಇವಾನ್ಸ್ ಪಿಯಾನೋ, ಜಿಮ್ ಹಾಲ್ ಗಿಟಾರ್, ಬೇರೆ ಯಾರೂ ಇಲ್ಲ. ಬೇಸೂ ಇಲ್ಲ ಡ್ರಮ್ಸೂ ಇಲ್ಲ, ಇಬ್ರು ಕಾರ್ಡ್ ನುಡಿಸೋರನ್ನ ಒಂದು ರೂಮಲ್ಲಿ ಕೂರಿಸಿದ್ರೆ ಏನಾಗ್ಬೇಕೋ ಅದು ಇಲ್ಲಿ ಆಗಲ್ಲ. ಮೈ ಫನ್ನಿ ವ್ಯಾಲೆಂಟೈನ್ ಅನ್ನೋ ಹಾಡನ್ನ ಎಲ್ರೂ ನಿಧಾನಕ್ಕೆ ಅಳು ಬರೋ ಹಾಗೆ ನುಡಿಸ್ತಾರೆ, ಇವರು ಶುರುವಿಂದಲೇ ಓಟ. ಇವಾನ್ಸ್ ಸೋಲೋ ನಡೀವಾಗ ಹಾಲ್ ಬೀಟಿಗೊಂದು ಸಲ ಮೆಲ್ಲಗೆ ತಂತಿ ಸವರ್ತಾ ಹೋಗ್ತಾರೆ, ಆಂಪ್ಲಿಫೈಯರ್ ಇದೆಯೋ ಇಲ್ವೋ ಅನ್ನೋ ಹಾಗೆ, ಆ ಹೊತ್ತಲ್ಲಿ ಬೇಸ್ ಡ್ರಮ್ಸ್ ಎರಡೂ ಅದೇ ಗಿಟಾರ್. ಈ ತರ ಬೀಟಿಗೊಂದು ಕಾರ್ಡ್ ಹಾಕೋದಕ್ಕೆ ದೊಡ್ಡ ಹೆಸರು ಫ್ರೆಡ್ಡಿ ಗ್ರೀನ್, 1937ರಿಂದ 1987ರಲ್ಲಿ ಸಾಯೋ ತನಕ ಕೌಂಟ್ ಬೇಸಿ ಬ್ಯಾಂಡಿನಲ್ಲಿ, ಸೋಲೋ ಇಲ್ಲವೇ ಇಲ್ಲ ಅನ್ನೋ ಅಷ್ಟು ಕಮ್ಮಿ. ದ ಅಟಾಮಿಕ್ ಮಿಸ್ಟರ್ ಬೇಸಿ ಹಾಕಿ ಅವರನ್ನ ಹುಡುಕಿ, ಕೇಳಿಸೋದಕ್ಕಿಂತ ಇದಾರೆ ಅಂತ ಅನ್ನಿಸೋದೇ ಜಾಸ್ತಿ. ಅಂಡರ್‌ಕರೆಂಟನ್ನ ನಾನು ಕಲಿತ ರೀತಿ: ಒಂದೊಂದು ಟ್ರ್ಯಾಕನ್ನೂ ಮೊದಲು ಬರೀ ಪಿಯಾನೋ ಹಿಂದೆ, ಆಮೇಲೆ ಬರೀ ಗಿಟಾರ್ ಹಿಂದೆ, ಆಮೇಲೆ ನನಗೆ ಇಷ್ಟ ಆದ ಎಂಟು ಬಾರ್ ಬಾಯಲ್ಲಿ ಹಾಡಿ, ಹಾಡೋಕೆ ಬಂದ್ಮೇಲೆ ಮಾತ್ರ ಗಿಟಾರ್‌ನಲ್ಲಿ ಹುಡುಕೋದು. ಬಾಯಿಗೆ ಬರದೇ ಇರೋದನ್ನ ಟ್ಯಾಬ್, ಅಂದ್ರೆ ಯಾವ ತಂತಿ ಎಲ್ಲಿ ಒತ್ತಬೇಕು ಅಂತ ಬರೆದಿರೋದು, ನೋಡಿ ನುಡಿಸಿದ್ರೆ ವಾರಕ್ಕೆ ಮರ್ತೋಗತ್ತೆ, ನನ್ನ ಮಟ್ಟಿಗೆ ಇದು ನಿಜ.

ಹಾಲ್ ಹಿಡಿಸಿದ್ರೆ 1962ರದ್ದೇ ಆದ, ಸ್ಯಾಕ್ಸೋಫೋನ್ ನುಡಿಸೋ ಸಾನಿ ರಾಲಿನ್ಸ್ ಅವರ ದ ಬ್ರಿಡ್ಜ್. ರಾಲಿನ್ಸ್ ಎರಡು ವರ್ಷ ಕಛೇರಿ ಬಿಟ್ಟು ನ್ಯೂಯಾರ್ಕಿನ ವಿಲಿಯಮ್ಸ್‌ಬರ್ಗ್ ಸೇತುವೆ ಮೇಲೆ ಅಭ್ಯಾಸ ಮಾಡಿ ವಾಪಸ್ ಬಂದಾಗ ಪಿಯಾನೋ ಬದಲು ಹಾಲ್ ಅವರನ್ನ ಇಟ್ಕೊಂಡ್ರು. ಇದರ ಬೇಸ್ ಬಾಬ್ ಕ್ರಾನ್‌ಶಾ. ಇಲ್ಲೊಂದು ಚಟ ಅಂಟಿಸ್ಕೊಳ್ಳಿ, ಪಕ್ಕವಾದ್ಯದವರ ಹೆಸರು ಹಿಡ್ಕೊಂಡು ಮುಂದಿನ ರೆಕಾರ್ಡ್ ಹುಡುಕೋದು. ಕ್ರಾನ್‌ಶಾ ಹಿಂದೆ ಹೋದ್ರೆ ಗ್ರಾಂಟ್ ಗ್ರೀನ್ ಅವರ 1963ರ ಐಡಲ್ ಮೊಮೆಂಟ್ಸ್ ಸಿಗತ್ತೆ. ಅದರಲ್ಲಿ ಪಿಯಾನೋನೂ ಇದೆ, ಲೋಹದ ಪಟ್ಟಿ ಬಡಿದು ನುಡಿಸೋ ವೈಬ್ರಾಫೋನೂ ಇದೆ, ಜನ ಜಾಸ್ತಿ, ಆದ್ರೂ ಎಲ್ಲೂ ಗುಂಪು ಅನ್ಸಲ್ಲ. ಮೊದಲ ಟ್ರ್ಯಾಕ್ ಹತ್ರತ್ರ ಹದಿನೈದು ನಿಮಿಷ, ಯಾರು ಎಷ್ಟು ಸುತ್ತು ನುಡಿಸ್ಬೇಕು ಅನ್ನೋ ಗೊಂದಲದಲ್ಲಿ ಉದ್ದ ಆಗಿದ್ದು, ಕೇಳಿ ಎಲ್ರಿಗೂ ಹಿಡಿಸಿ ಅದನ್ನೇ ಇಟ್ಕೊಂಡು ಬೇರೆ ಎರಡು ಟ್ಯೂನನ್ನ ಚಿಕ್ಕದಾಗಿ ಮತ್ತೆ ರೆಕಾರ್ಡ್ ಮಾಡಿದ್ರು. ಅದರಲ್ಲೊಂದು ಜಾಂಗೋ, ಜಾನ್ ಲೂಯಿಸ್ ಅವರು ಜಾಂಗೋ ರೈನ್‌ಹಾರ್ಟ್ ನೆನಪಿಗೆ ಬರೆದಿದ್ದು. ಇದೇ ಟ್ಯೂನ್ ಜೋ ಪಾಸ್ ಅವರ 1964ರ ಫಾರ್ ಜಾಂಗೋದಲ್ಲೂ ಇದೆ, ಅಲ್ಲಿ ಪಿಯಾನೋ ಜಾಗದಲ್ಲಿ ಇನ್ನೊಂದು ಗಿಟಾರ್. ಅಲ್ಲಿಂದ ನೇರ ರೈನ್‌ಹಾರ್ಟ್ ಹತ್ರ ಹೋಗಿ, 1937ರ ಮೈನರ್ ಸ್ವಿಂಗ್, ಪಿಟೀಲಿನಲ್ಲಿ ಸ್ಟೆಫಾನ್ ಗ್ರಾಪೆಲಿ. 1928ರ ಬೆಂಕಿ ಅನಾಹುತದಲ್ಲಿ ರೈನ್‌ಹಾರ್ಟ್ ಅವರ ಎಡಗೈಯ ಎರಡು ಬೆರಳು ಸುಟ್ಟು ಸೆಟೆದಿತ್ತು, ಆ ಸೋಲೋಗಳೆಲ್ಲಾ ಮುಖ್ಯವಾಗಿ ಎರಡೇ ಬೆರಳಲ್ಲಿ. ಕಾಲಕ್ರಮದ ಪಟ್ಟಿಯಲ್ಲಿ ಮೊದಲಿಗೇ ಬರೋ ಮನುಷ್ಯ ನನ್ನ ದಾರೀಲಿ ಇಷ್ಟು ತಡವಾಗಿ ಬಂದ್ರು, ಅಷ್ಟರಲ್ಲಿ ಆ ಹಳೇ ರೆಕಾರ್ಡಿನ ಕೊರಕೊರ ಸದ್ದು ದಾಟಿ ಕೇಳೋಷ್ಟು ಕಿವಿ ತಯಾರಾಗಿತ್ತು. ಚಾರ್ಲಿ ಕ್ರಿಶ್ಚಿಯನ್ ಕೂಡ ಹಾಗೇ, 1941ರಲ್ಲಿ ಮಿಂಟನ್ಸ್ ಕ್ಲಬ್ಬಲ್ಲಿ ಹಿಡಿದ ರೆಕಾರ್ಡಿಂಗ್‌ಗಳ ಸೌಂಡ್ ಮಂಕು, ಆದ್ರೆ ವೆಸ್ ಗಿಟಾರ್ ಕಲಿತಿದ್ದೇ ಇವರ ಸೋಲೋ ಕೇಳಿ ಕೇಳಿ ಅಂತ ಗೊತ್ತಿದ್ದು ಕೇಳಿದ್ರೆ ಬೇರು ಕಾಣತ್ತೆ. ಕ್ರಿಶ್ಚಿಯನ್ ಮರುವರ್ಷ ಕ್ಷಯದಿಂದ ತೀರ್ಕೊಂಡ್ರು, ಇಪ್ಪತ್ತೈದು ವಯಸ್ಸು.

ಜೋ ಪಾಸ್ ಅವರ ವರ್ಚುಓಸೋ, 1973ರಲ್ಲಿ ರೆಕಾರ್ಡ್ ಆಗಿದ್ದು, ಒಂದೇ ಗಿಟಾರ್, ಬೇರೇನೂ ಇಲ್ಲ, ಎಲ್ರೂ ಮೊದಲು ಇದನ್ನೇ ಕೊಡ್ತಾರೆ. ನಾನು ಕೊಡಲ್ಲ. ಬೇಸ್, ಕಾರ್ಡ್, ಟ್ಯೂನ್ ಮೂರನ್ನೂ ಒಬ್ರೇ ಹಿಡಿದಿರೋದ್ರಿಂದ ಹಾಡು ಗೊತ್ತಿಲ್ದೋರಿಗೆ ಬರೀ ಬೆರಳಿನ ಕಸರತ್ತು ಅನ್ಸತ್ತೆ, ಗೊತ್ತಿರೋರಿಗೆ ಮಾತ್ರ ಅದು ಹಬ್ಬ.

ಹೊಸಬರ ಕಡೆ ಬೇಗ ಬೇಗ ಹೇಳ್ತೀನಿ. ಮೆಥೀನಿ ಅವರ ಬ್ರೈಟ್ ಸೈಜ್ ಲೈಫ್, 1976, ಪಿಯಾನೋ ಇಲ್ಲ, ಜಾಕೋ ಪಾಸ್ಟೋರಿಯಸ್ ಅವರ ಬೇಸ್ ಇದ್ಮೇಲೆ ಬೇಕಾಗೂ ಇಲ್ಲ. ಆರ್ಗನ್ ದಾರೀಲಿ ಬಂದೋರಿಗೆ ಜಾನ್ ಸ್ಕೋಫೀಲ್ಡ್ ಅವರ ಅ ಗೋ ಗೋ, 1998, ಕಾಲು ತಾನಾಗೇ ಕುಣಿಯತ್ತೆ. ಅಂಡರ್‌ಕರೆಂಟ್ ದಾರೀಲಿ ಬಂದೋರು ಬಿಲ್ ಇವಾನ್ಸ್ ಟ್ರಿಯೋದ ಡ್ರಮ್ಮರ್ ಪಾಲ್ ಮೋಶನ್ ಹೆಸರು ಹಿಡೀರಿ, ಅವರ 1985ರ ಇಟ್ ಶುಡ್‌ವ್ ಹ್ಯಾಪನ್ಡ್ ಅ ಲಾಂಗ್ ಟೈಮ್ ಅಗೋ, ಅದರಲ್ಲಿ ಬಿಲ್ ಫ್ರಿಸೆಲ್ ಗಿಟಾರ್, ಜೋ ಲೊವಾನೋ ಸ್ಯಾಕ್ಸೋಫೋನ್, ಈ ಸಲ ಬೇಸೇ ಇಲ್ಲ, ನೆಲನೇ ಇಲ್ದ ಮನೇಲಿ ಮೂರು ಜನ ಆರಾಮಾಗಿ ಓಡಾಡ್ತಾರೆ. ತಾಳದ ಲೆಕ್ಕಾಚಾರ ಇಷ್ಟಪಡೋರಿಗೆ ಜಾನ್ ಮೆಕ್‌ಲಾಫ್ಲಿನ್ ಅವರ ಶಕ್ತಿ, 1976ರಲ್ಲಿ ಬಂದ ಮೊದಲ ಆಲ್ಬಮ್, ಎಲ್. ಶಂಕರ್ ಪಿಟೀಲು, ಝಾಕಿರ್ ಹುಸೇನ್ ತಬಲಾ, ವಿಕ್ಕು ವಿನಾಯಕರಾಂ ಘಟ, ಗಿಟಾರಿಗೆ ಅಡ್ಡವಾಗಿ ಬೇರೆ ತಂತಿಗಳನ್ನೂ ಕಟ್ಟಿಸಿದ್ರು, ಅದನ್ನ ಮೀಟಿದ್ರೆ ಶ್ರುತಿ ಹಿಡಿದ ಹಾಗೆ ಕೇಳತ್ತೆ. ಇದು ಜಾಝ್ ಹೌದೋ ಅಲ್ವೋ ಅನ್ನೋ ಜಗಳಕ್ಕೆ ನಾನು ಬರಲ್ಲ.

ಇತ್ತೀಚಿನವರಲ್ಲಿ ಜೂಲಿಯನ್ ಲೇಜ್ ಅವರ ಆರ್ಕ್‌ಲೈಟ್, 2016, ಮತ್ತೆ ಗಿಟಾರ್ ಬೇಸ್ ಡ್ರಮ್ಸ್, ಗ್ರೀನ್ ಸ್ಟ್ರೀಟ್ ಪಕ್ಕದಲ್ಲಿಟ್ಟು ಕೇಳಿ. ಮೇರಿ ಹಾಲ್ವರ್ಸನ್ ಅವರ ಅಮರಿಲಿಸ್, 2022, ಸ್ವಲ್ಪ ಕಾಲ ತಗೊಳ್ಳತ್ತೆ, ಸ್ವರ ಇದ್ದಕ್ಕಿದ್ದ ಹಾಗೆ ಬಾಗಿ ಜಾರತ್ತೆ, ಕೆಟ್ಟೋಯ್ತಾ ಸ್ಪೀಕರ್ ಅನ್ಸತ್ತೆ, ಇಲ್ಲ, ಅವರು ನುಡಿಸೋದೇ ಹಾಗೆ. ಅದರಲ್ಲೂ ಪಿಯಾನೋ ಇಲ್ಲ, ವೈಬ್ರಾಫೋನ್ ಇದೆ, ಐಡಲ್ ಮೊಮೆಂಟ್ಸ್ ಕೇಳಿದ್ಮೇಲೆ ಹೋದ್ರೆ ಅಷ್ಟು ಕಷ್ಟ ಆಗಲ್ಲ.