ಕಾಲಿಗೆ ಬಿಗಿ ಸಾಕ್ಸ್ ಹಾಕುವ ಕ್ರಮ: ಹಿಮ್ಮಡಿ ಕೂತರೆ ಅರ್ಧ ಕೆಲಸ ಆಯ್ತು

ಮಲ್ಪೆ ಬಂದರಿನಲ್ಲಿ ಮೀನು ವಿಂಗಡಿಸುವವರು, ಉಡುಪಿ ಹೋಟೆಲುಗಳ ಅಡುಗೆಯವರು, ಸಿಟಿ ಬಸ್ಸಿನ ಕಂಡಕ್ಟರುಗಳು. ದಿನವಿಡೀ ನಿಂತು ದುಡಿಯುವ ಇಂಥವರಲ್ಲಿ ಎಷ್ಟೋ ಜನರ ಕಾಲಲ್ಲಿ ನರ ಉಬ್ಬಿ ಸುರುಳಿಯಾಗಿರುತ್ತದೆ. ಡಾಕ್ಟರು ವೆರಿಕೋಸ್ ವೇನ್ ಎಂದು ಹೇಳಿ ಕಂಪ್ರೆಷನ್ ಸಾಕ್ಸ್ ಬರೆದುಕೊಡುತ್ತಾರೆ. ಸ್ವಲ್ಪ ದಿನದಲ್ಲೇ ಅದು ಕಪಾಟು ಸೇರುತ್ತದೆ. "ಈ ಸೆಕೆಗೆ ಹಾಕ್ಲಿಕ್ಕೇ ಆಗುವುದಿಲ್ಲ" ಎನ್ನುತ್ತಾರೆ. ನಾನು ನೋಡಿದ ಮಟ್ಟಿಗೆ ಸೆಕೆಗಿಂತ ದೊಡ್ಡ ತೊಂದರೆ ಹಾಕುವ ಕ್ರಮದಲ್ಲಿದೆ.

ಕಾಲಿನ ರಕ್ತ ಮೇಲೆ ಹೃದಯಕ್ಕೆ ಹೋಗಬೇಕು. ಅದು ವಾಪಸ್ ಜಾರದಂತೆ ರಕ್ತನಾಳದೊಳಗೆ ಪುಟ್ಟ ಕವಾಟಗಳಿವೆ. ಅವು ಸಡಿಲವಾದರೆ ರಕ್ತ ಕೆಳಗೇ ನಿಂತು ನಾಳ ಉಬ್ಬುತ್ತದೆ. ಈ ಸಾಕ್ಸ್ ಪಾದದ ಗಂಟಿನ ಹತ್ತಿರ ಜಾಸ್ತಿ, ಮೇಲೆ ಹೋದಂತೆ ಕಡಿಮೆ ಒತ್ತುತ್ತದೆ. ಕವಾಟ ಇದರಿಂದ ಸರಿಯಾಗುವುದಿಲ್ಲ. ಬಾವು, ನೋವು ಮಾತ್ರ ತಗ್ಗುತ್ತದೆ.

ಹಾಕುವ ಮೊದಲು ಕಾಲು ನೋಡಿಕೊಳ್ಳಿ. ಒಂದೇ ಕಾಲು ಇದ್ದಕ್ಕಿದ್ದಂತೆ ಬಾತು, ಮೀನಖಂಡ ನೋಯುತ್ತಾ ಬಿಸಿಯಾಗಿದ್ದರೆ ಸಾಕ್ಸ್ ಮುಟ್ಟಬೇಡಿ. ಒಳಗಿನ ನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಎಣ್ಣೆ ಹಚ್ಚಿ ತಿಕ್ಕುವುದಂತೂ ಬೇಡವೇ ಬೇಡ. ಅದೇ ದಿನ ಆಸ್ಪತ್ರೆಗೆ ಹೋಗಿ, ನಾಳದಲ್ಲಿ ರಕ್ತ ಹರಿಯುವುದನ್ನು ತೋರಿಸುವ ಡಾಪ್ಲರ್ ಸ್ಕ್ಯಾನ್‌ನಲ್ಲಿ ಗೊತ್ತಾಗುತ್ತದೆ. ಆಪರೇಷನ್ ಆಗಿ ಮಲಗಿದ್ದವರು, ಬಾಣಂತಿಯರು, ಕ್ಯಾನ್ಸರ್ ಇರುವವರು, ಮುಂಬೈ ಬಸ್ಸಿನಲ್ಲಿ ರಾತ್ರಿಯಿಡೀ ಅಲುಗಾಡದೆ ಕೂತು ಬಂದವರು ಹೆಚ್ಚು ಎಚ್ಚರದಿಂದಿರಬೇಕು. ಇದ್ದಕ್ಕಿದ್ದಂತೆ ಏದುಸಿರು, ಉಸಿರೆಳೆದಾಗ ಎದೆನೋವು, ಕೆಮ್ಮಿನಲ್ಲಿ ರಕ್ತ ಬಂದರೆ ಹೆಪ್ಪು ಶ್ವಾಸಕೋಶಕ್ಕೆ ಹೋಗಿರಬಹುದು. ತಕ್ಷಣ 108ಕ್ಕೆ ಫೋನ್ ಮಾಡಿ. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರು, ಕಾಲಿಗೆ ರಕ್ತ ಸರಿಯಾಗಿ ಇಳಿಯದವರು ಡಾಕ್ಟರನ್ನು ಕೇಳದೆ ಈ ಸಾಕ್ಸ್ ಹಾಕಲೇಬಾರದು.

ಅಳತೆ ಬೆಳಿಗ್ಗೆಯೇ ಕೊಡಿ, ಸಂಜೆಗೆ ಕಾಲು ಬಾತಿರುತ್ತದೆ. ಪಾದದ ಗಂಟಿನಿಂದ ಸ್ವಲ್ಪ ಮೇಲೆ ಮತ್ತು ಮೀನಖಂಡದ ದಪ್ಪ ಭಾಗದಲ್ಲಿ ಟೇಪು ಹಿಡಿಯಬೇಕು. ಎಷ್ಟು ಒತ್ತಡದ್ದು ಬೇಕೆಂದು ಡಾಕ್ಟರೇ ಹೇಳಲಿ. ಆನ್‌ಲೈನ್‌ನಲ್ಲಿ ಸಿಗುವ ಫ್ರೀ ಸೈಜ್ ಜೋಡಿಗೆ ದುಡ್ಡು ಹಾಕಬೇಡಿ. ಎಲ್ಲರ ಕಾಲಿಗೂ ಆಗುವುದು ಯಾರ ಕಾಲನ್ನೂ ಸರಿಯಾಗಿ ಒತ್ತುವುದಿಲ್ಲ. ನಮ್ಮ ಕರಾವಳಿಗೆ ಬೆರಳು ತೆರೆದಿರುವ, ಮೊಣಕಾಲಿನ ಕೆಳಗೆ ನಿಲ್ಲುವ ಸಾಕ್ಸೇ ಒಳ್ಳೆಯದು.

ಈಗ ಹೆಚ್ಚಿನವರು ಸೋಲುವ ಹಂತ. ಬೆಳಿಗ್ಗೆ ಎದ್ದ ಕೂಡಲೇ, ಮಂಚದ ಮೇಲೆ ಕೂತೇ ಹಾಕಿ. ತಡವಾಯಿತಾ? ಹತ್ತು ಹದಿನೈದು ನಿಮಿಷ ಕಾಲು ಎತ್ತರಕ್ಕಿಟ್ಟು ಮಲಗಿ, ಆಮೇಲೆ ಹಾಕಿ. ಕಾಲು ಪೂರ್ತಿ ಒಣಗಿರಬೇಕು. ಸ್ವಲ್ಪ ಪೌಡರ್ ಹಾಕಿದರೆ ಜಾರುತ್ತದೆ. ತೆಂಗಿನೆಣ್ಣೆ ಬೇಡ, ಇಲಾಸ್ಟಿಕ್ ಹಾಳಾಗುತ್ತದೆ. ಕೈಗೆ ಪಾತ್ರೆ ತೊಳೆಯುವ ರಬ್ಬರ್ ಗ್ಲೌಸ್ ಹಾಕಿಕೊಳ್ಳಿ. ಹಿಡಿತ ಸಿಗುತ್ತದೆ, ಉಗುರು ತಾಗಿ ಹರಿಯುವುದಿಲ್ಲ.

ಸಾಕ್ಸಿನೊಳಗೆ ಕೈ ಹಾಕಿ, ಹಿಮ್ಮಡಿಯ ಜಾಗವನ್ನು ಒಳಗಿನಿಂದ ಹಿಡಿದು, ಅಲ್ಲಿಯವರೆಗೆ ಒಳಮೈ ಹೊರಬರುವಂತೆ ಮಗುಚಿ. ಒಳಗೆ ಚೀಲದಂತೆ ಉಳಿದ ಪಾದದ ಭಾಗಕ್ಕೆ ಪಾದ ತೂರಿಸಿ, ಹಿಮ್ಮಡಿ ತನ್ನ ಗೂಡಿನಲ್ಲಿ ಸರಿಯಾಗಿ ಕೂರಲಿ. ಕೂರದೆ ಮುಂದೆ ಹೋಗಬೇಡಿ. ಮಗುಚಿದ ಭಾಗವನ್ನು ಗಂಟಿನ ಮೇಲೆ ತಂದು, ಆಮೇಲೆ ಅಂಗೈಯಿಂದ ಸ್ವಲ್ಪ ಸ್ವಲ್ಪವೇ ಮೇಲಕ್ಕೆ ಸವರಿ. ಮೇಲಂಚು ಹಿಡಿದು ಎಳೆಯಲೇಬಾರದು. ಎಳೆದರೆ ಬಟ್ಟೆಯೆಲ್ಲ ಮೇಲೆ ಸೇರಿ ಅಲ್ಲೇ ಬಿಗಿಯಾಗುತ್ತದೆ. ಉದ್ದ ಜಾಸ್ತಿಯಾಯಿತೆಂದು ಮಡಚುವುದಂತೂ ದೊಡ್ಡ ತಪ್ಪು. ಮಡಿಕೆ ಬಿದ್ದಲ್ಲಿ ಒತ್ತಡ ಹೆಚ್ಚಾಗಿ, ಮೇಲೆ ಹೋಗಬೇಕಾದ ರಕ್ತಕ್ಕೇ ತಡೆಯಾಗುತ್ತದೆ. ಕೊನೆಗೆ ಸುಕ್ಕೆಲ್ಲ ಸವರಿ ಬಿಡಿಸಿ. ಬೆರಳು ನೀಲಿಯಾದರೆ, ಮರಗಟ್ಟಿದರೆ ಕೂಡಲೇ ಬಿಚ್ಚಿ.

ಸಾಮಾನ್ಯವಾಗಿ ರಾತ್ರಿ ಮಲಗುವಾಗ ತೆಗೆಯುವುದು. ಸೌಮ್ಯ ಸೋಪಿನಲ್ಲಿ ತೊಳೆದು, ಹಿಂಡದೆ ನೆರಳಲ್ಲಿ ಒಣಗಿಸಿ. ಮಳೆಗಾಲದಲ್ಲಿ ಒಂದೇ ದಿನಕ್ಕೆ ಒಣಗುವುದಿಲ್ಲ ಅಲ್ವಾ? ಹಾಗಾಗಿ ಎರಡು ಜೋಡಿ ಇಟ್ಟುಕೊಳ್ಳಿ. ಸುಮಾರು 6 ತಿಂಗಳಿಗೆ ಬಿಗಿ ಹೋಗುತ್ತದೆ. ಆಗ ಹೊಸತು ತನ್ನಿ, ಕಾಲಿನ ಅಳತೆಯನ್ನೂ ಹೊಸದಾಗಿ ಕೊಡಿ.